ಮೆಡಲ್ ತರದ ಹುಡುಗನಿಗೂ ಮೈದಾನ ಬೇಕು

ನಮ್ಮ ವಿಜಯಪುರದ ಆಟೋಟದ ಬಗ್ಗೆ ಪೇಪರಿನಲ್ಲಿ ಎರಡೇ ಥರದ ಸುದ್ದಿ ಬರ್ತವೆ. ಒಂದು, ‘ಬಡ ರೈತನ ಮಗನಿಗೆ ರಾಷ್ಟ್ರಮಟ್ಟದ ಪದಕ’. ಇನ್ನೊಂದು, ‘ಪ್ರತಿಭೆ ಇದೆ, ಸೌಲಭ್ಯ ಇಲ್ಲ’. ಮೊದಲನೆಯದನ್ನ ಓದಿ ನಾವು ಬೆಂಗಳೂರಿನಲ್ಲಿ ಕೂತು ಸ್ಟೇಟಸ್ ಹಾಕ್ತೀವಿ. ಎರಡನೆಯದನ್ನ ಓದಿ ಸರ್ಕಾರಕ್ಕೆ ಬೈತೀವಿ. ಈ ಎರಡು ಸುದ್ದಿಗಳ ನಡುವೆ ಒಂದು ದೊಡ್ಡ ಗುಂಪು ಮಾಯವಾಗಿಬಿಟ್ಟಿದೆ. ಪದಕ ತರೋ ತಾಕತ್ತೂ ಇಲ್ಲದ, ತರಬೇಕೆಂಬ ಆಸೆಯೂ ಇಲ್ಲದ, ಸಂಜೆ ಒಂದು ತಾಸು ಸುಮ್ಮನೆ ವಾಲಿಬಾಲ್ ಆಡಿ ಬೆವರು ಒರೆಸಿಕೊಂಡು ರೂಮಿಗೆ ಹೋಗಬೇಕು ಅನ್ನೋ ಸಾವಿರಾರು ಕಾಲೇಜು ಹುಡುಗ ಹುಡುಗಿಯರ ಗುಂಪು ಅದು. ನಾನು ಅವರ ಪರವಾಗಿ ಜಗಳಕ್ಕೆ ನಿಂತಿದ್ದೇನೆ.

ಮೊದಲು ಆ ‘ಸೌಲಭ್ಯ ಇಲ್ಲ’ ಅನ್ನೋ ಮಾತು. ಇದನ್ನ ನಾನು ಅರ್ಧ ಮಾತ್ರ ಒಪ್ತೀನಿ. ಗೋಳಗುಮ್ಮಟದ ಮೇಲೆ ಹತ್ತಿ ನೋಡ್ರಿ, ನಾಲ್ಕೂ ದಿಕ್ಕಿಗೆ ಬಯಲೇ ಬಯಲು. ಹಿಂಗಾರಿ ಜೋಳ ಕಟಾವಾದ ಮರುವಾರ ಟಿಕೋಟಾ, ಬಬಲೇಶ್ವರದ ಕಡೆ ಯಾವ ಹೊಲದಲ್ಲಿ ಬೇಕಾದರೂ ಕೂಳೆ ಕಿತ್ತು ಮೂರು ಕಟ್ಟಿಗೆ ನೆಟ್ಟರೆ ಕ್ರಿಕೆಟ್ ಮೈದಾನ ರೆಡಿ. ಜಾಗ ನಮ್ಮಲ್ಲಿ ಯಾವತ್ತೂ ಸಮಸ್ಯೆ ಆಗಿರಲಿಲ್ಲ. ನಮ್ಮಲ್ಲಿ ಇಲ್ಲದ್ದು ಹೊತ್ತು. ಅದಕ್ಕಿಂತ ಹೆಚ್ಚಾಗಿ, ಆಡಲಿಕ್ಕೆ ಅಪ್ಪಣೆ.

ನಾನು ಬಿಇ ಓದಿದ ಕಾಲೇಜಿನಲ್ಲಿ (ಹೆಸರು ಬೇಡ, ಎಲ್ಲಾ ಕಡೆ ಇದೇ ಕಥೆ) ಸ್ಪೋರ್ಟ್ಸ್ ರೂಮಿಗೆ ದೊಡ್ಡ ಬೀಗ ಇತ್ತು. ಒಂದು ದಿನ ನಾವು ಆರು ಜನ ಹೋಗಿ ವಾಲಿಬಾಲ್ ಕೇಳಿದೆವು. ಪಿಟಿ ಸರ್ ತಲೆ ಎತ್ತಿ, ‘ಟೀಮಿನ್ಯಾಗ ಅದೀರೇನು?’ ಅಂದರು. ‘ಇಲ್ರಿ ಸರ್’ ಅಂದೆವು. ‘ಮತ್ಯಾಕ?’ ಅಂದರು. ಅವರು ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದರು. ಟೀಮಿನಲ್ಲಿ ಇಲ್ಲದವನಿಗೆ ಚೆಂಡು ಯಾಕೆ ಬೇಕು? ಈ ‘ಮತ್ಯಾಕ’ ಅನ್ನೋ ಒಂದು ಶಬ್ದದ ಮೇಲೆ ನಮ್ಮ ಕಾಲೇಜುಗಳ ಇಡೀ ಕ್ರೀಡಾನೀತಿ ನಿಂತಿದೆ ಅಂತ ಈಗ ಅನಿಸ್ತದೆ. ಚೆಂಡು ಬೇಕಾದರೆ ಕಪ್ಪು ತಾ. ಕಪ್ಪು ತರದಿದ್ದರೆ ಲೈಬ್ರರಿಗೆ ಹೋಗು.

ಟಿಕೋಟಾದಿಂದ ವಿಜಯಪುರಕ್ಕೆ ದಿನಾ ಬಂದುಹೋಗೋ ಒಬ್ಬ ಹುಡುಗನ ದಿನ ಲೆಕ್ಕ ಹಾಕ್ರಿ. ಊರು 20 ಕಿಲೋಮೀಟರಿನ ಆಸುಪಾಸಿನಲ್ಲೇ ಇದೆ, ಆದರೆ ಬಸ್ಸಿಗೆ ಬೆಳಿಗ್ಗೆ ಏಳಕ್ಕೇ ನಿಲ್ಲಬೇಕು. ಪಾಸು ತೋರಿಸಿ, ಜೋತುಬಿದ್ದು, ಒಂಬತ್ತಕ್ಕೆ ಕ್ಲಾಸಿಗೆ. ನಾಲ್ಕೂವರೆಗೆ ಲ್ಯಾಬ್ ಮುಗಿದರೆ ಪುಣ್ಯ. ಐದೂಕಾಲಿನ ಬಸ್ಸು ತಪ್ಪಿದರೆ ಮುಂದಿನದರಲ್ಲಿ ಕಾಲಿಡಲಿಕ್ಕೂ ಜಾಗ ಇರೋದಿಲ್ಲ. ಇವನು ಯಾವಾಗ ಆಡಬೇಕು? ಸಿಟಿಯಲ್ಲಿ ರೂಮ್ ಮಾಡಿಕೊಂಡವರ ಪಾಡು ಸ್ವಲ್ಪ ಮೇಲು. ಅವರ ಬುತ್ತಿ ಡಬ್ಬಿ ಊರಿಂದ ಬೆಳಗಿನ ಬಸ್ಸಿಗೆ ಬರ್ತದೆ, ಖಾಲಿ ಡಬ್ಬಿ ಸಂಜೆ ಬಸ್ಸಿಗೆ ವಾಪಸ್ ಹೋಗಬೇಕು. ಅಂದರೆ ರೂಮಿನಲ್ಲಿ ಇದ್ದವನೂ ಸಂಜೆ ಐದಕ್ಕೆ ಬಸ್ ಸ್ಟ್ಯಾಂಡಿನಲ್ಲೇ ನಿಂತಿರ್ತಾನೆ, ಕೈಯಲ್ಲಿ ಡಬ್ಬಿ ಹಿಡಿದು, ಪರಿಚಯದ ಕಂಡಕ್ಟರ್ ಯಾರಾದರೂ ಸಿಗ್ತಾರಾ ಅಂತ ನೋಡ್ತಾ. ನಮ್ಮ ಕಡೆ ಯಾರು ಆಡಬೇಕು, ಯಾರು ಆಡಬಾರದು ಅನ್ನೋದನ್ನ ಕೋಚ್ ತೀರ್ಮಾನ ಮಾಡೋದಿಲ್ಲ, ಬಸ್ಸಿನ ಟೈಮ್‌ಟೇಬಲ್ ಮಾಡ್ತದೆ.

ಹುಡುಗಿಯರದು ಇನ್ನೂ ಒಂದು ಹೆಜ್ಜೆ ಹಿಂದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಟಿಕೆಟಿನ ಚಿಂತೆ ಹೋಯ್ತು, ಭಾಳ ಒಳ್ಳೇದಾಯ್ತು. ಆದರೆ ಪುಕ್ಕಟೆ ಬಸ್ಸೂ ಕತ್ತಲಾಗೋದರೊಳಗೆ ಮನೆ ಮುಟ್ಟಿಸಬೇಕಲ್ಲ. ಆರರ ನಂತರ ಮಗಳು ಬಸ್ಸಿಳಿದರೆ ಊರಿನ ಕಟ್ಟೆ ಮೇಲೆ ಕೂತವರಿಗೆ ಅದೇ ಒಂದು ವಾರದ ಮಾತು. ರಾಜ್ಯದ ಮಹಿಳಾ ವಿಶ್ವವಿದ್ಯಾಲಯ 2003ರಲ್ಲಿ ನಮ್ಮ ಜಿಲ್ಲೆಗೇ ಬಂತು, ಅಕ್ಕಮಹಾದೇವಿಯ ಹೆಸರನ್ನೂ ಇಟ್ಟರು. ಮನೆ ಬಿಟ್ಟು ಹೊರಗೆ ನಡೆದ ಅಕ್ಕನ ಹೆಸರಿನ ವಿಶ್ವವಿದ್ಯಾಲಯ ಇರೋ ಊರಿನಲ್ಲಿ ಹುಡುಗಿ ಆರು ಗಂಟೆಗೆ ಥ್ರೋಬಾಲ್ ಆಡಿದರೆ ಅದು ಸುದ್ದಿ.

ಈಗ ನೀವು ರಾಜೇಶ್ವರಿ ಗಾಯಕವಾಡ ಹೆಸರು ಹೇಳ್ತೀರಿ, ನನಗೆ ಗೊತ್ತು. ಹೇಳಲೇಬೇಕು. 2017ರ ವಿಶ್ವಕಪ್‌ನಲ್ಲಿ ಡರ್ಬಿಯಲ್ಲಿ ನ್ಯೂಜಿಲೆಂಡ್ ಮೇಲೆ 15 ರನ್ನಿಗೆ 5 ವಿಕೆಟ್ ಕಿತ್ತ ನಮ್ಮೂರಿನ ಎಡಗೈ ಸ್ಪಿನ್ನರ್. ಅವತ್ತು ನಾನು ಆಫೀಸಿನ ಟಿವಿ ಮುಂದೆ ‘ನಮ್ಮ ಬಿಜಾಪುರದಾಕಿ’ ಅಂತ ಕೂಗಿದ್ದಕ್ಕೆ ಪಕ್ಕದ ಟೀಮಿನವರು ತಿರುಗಿ ನೋಡಿದ್ದರು. ಲಾರ್ಡ್ಸ್ ಫೈನಲ್ 9 ರನ್ನಿನಿಂದ ಸೋತು ಬಂದ ಮೇಲೆ ಸನ್ಮಾನಗಳ ಸಾಲು. ಕಾರು ಕೊಡಲಿಕ್ಕೆ ಬಂದಾಗ ಆಕೆ ಕಾರು ಬೇಡ, ಮನೆ ಬೇಕು ಅಂದಿದ್ದು ಪೇಪರುಗಳಲ್ಲಿ ಬಂದಿತ್ತು. ಆ ಮಾತಿನ ಮುಂದೆ ನಮ್ಮ ಶಾಲು, ಹಾರ, ಸ್ಟೇಜು ಎಲ್ಲಾ ಸಣ್ಣದಾಗಿ ಕಂಡವು.

ಆದರೆ ಅದರ ನಂತರ ಶುರುವಾದ ಮಾತು ನನಗೆ ಸೇರಲಿಲ್ಲ. ‘ಮುಂದಿನ ರಾಜೇಶ್ವರಿ ಎಲ್ಲಿ?’ ಅಂತ. ನೂರು ಹುಡುಗಿಯರಿಗೆ ಬ್ಯಾಟು ಕೊಡೋಣ, ಒಬ್ಬಳು ಇಂಡಿಯಾ ಟೀಮಿಗೆ ಹೋಗ್ತಾಳೆ ಅಂತ. ಉಳಿದ ತೊಂಬತ್ತೊಂಬತ್ತು ಏನು, ಜೋಳ ಹಸನು ಮಾಡಿದಾಗ ಮೊರದಿಂದ ಹಾರಿಹೋಗೋ ಹೊಟ್ಟೇನು? ಅವರು ಆಡಿದ ಸಂಜೆಗಳಿಗೆ ಬೆಲೆ ಇಲ್ಲವೇನು? ಚಾಂಪಿಯನ್ನರನ್ನ ಹುಡುಕಲಿಕ್ಕೆ ಅಂತ ಮೈದಾನ ಕಟ್ಟಿದರೆ ಚಾಂಪಿಯನ್ ಸಿಕ್ಕ ದಿನ ಮೈದಾನಕ್ಕೂ ಬೀಗ ಬೀಳ್ತದೆ.

ಸೈಕಲ್ ವಿಷಯಕ್ಕೆ ಬರ್ರಿ. ರಾಜ್ಯದಲ್ಲಿ ಸೈಕ್ಲಿಂಗ್ ಅಂದರೆ ವಿಜಯಪುರ, ಬಾಗಲಕೋಟೆ. ಜಾತ್ರೆಯ ಸೈಕಲ್ ಶರ್ಯತ್ತಿನಲ್ಲಿ ಹುಟ್ಟಿದ ಆಟ ಇದು. ಸೀದಾ ರಸ್ತೆ, ಎದುರುಗಾಳಿ, ಮತ್ತೇನೂ ಬೇಡ. ಇಲ್ಲಿಂದ ಎಷ್ಟೋ ಹುಡುಗರು ನ್ಯಾಷನಲ್ಸ್‌ಗೆ ಹೋದರು. ಅವರಿಗಾಗಿ ವೆಲೋಡ್ರೋಮ್ ಕಟ್ತೀವಿ ಅಂತ ಶುರು ಮಾಡಿದ ಕೆಲಸ ವರ್ಷಗಟ್ಟಲೆ ಎಳೆದಾಡಿತು. ಹುಡುಗರು ನಸುಕಿನಲ್ಲಿ ಸೊಲ್ಲಾಪುರ ರಸ್ತೆಯ ಲಾರಿಗಳ ಪಕ್ಕ ಪ್ರ್ಯಾಕ್ಟೀಸ್ ಮಾಡಿದರು. ಇದು ಬೈಯಬೇಕಾದ ವಿಷಯವೇ, ಬೈಯೋಣ. ಆದರೆ ವೆಲೋಡ್ರೋಮ್ ಮುಗಿದರೂ ಅದು ಇಪ್ಪತ್ತು ಮೂವತ್ತು ಜನರಿಗೆ. ಅದೇ ರಸ್ತೆಯಲ್ಲಿ ಹೈಸ್ಕೂಲಿನವರೆಗೆ ದಿನಾ ಸೈಕಲ್ ತುಳಿದ ಸಾವಿರ ಹುಡುಗರು ಪಿಯುಸಿಗೆ ಬಂದ ಕೂಡಲೇ ಸೈಕಲ್ ಗೋಡೆಗೆ ಒರಗಿಸಿಬಿಡ್ತಾರಲ್ಲ, ಅದರ ಬಗ್ಗೆ ಯಾರೂ ಬರೆಯೋದಿಲ್ಲ. ನೀಟ್ ಕೋಚಿಂಗ್, ಸಿಇಟಿ ಕೋಚಿಂಗ್, ಭಾನುವಾರ ಟೆಸ್ಟು. ಹದಿನಾರರ ವಯಸ್ಸಿಗೆ ದೇಹ ಅನ್ನೋದು ತಲೆಯನ್ನ ಒಂದು ಕ್ಲಾಸಿನಿಂದ ಇನ್ನೊಂದು ಕ್ಲಾಸಿಗೆ ಹೊತ್ತೊಯ್ಯೋ ಗಾಡಿ ಆಗಿಬಿಡ್ತದೆ. ಆಟದ ಹೆಸರಿನಲ್ಲಿ ಮನೆಯವರು ಕೇಳೋದು ಒಂದನ್ನೇ: ‘ಸರ್ಟಿಫಿಕೇಟ್ ಸಿಗ್ತದೇನು? ಕೋಟಾದಾಗ ಸೀಟು ಬರ್ತದೇನು?’

ಇಂಜಿನಿಯರಿಂಗ್‌ನಲ್ಲಿ ಇದು ಕಾಗದದ ಮೇಲೇ ಬಂತು. ವಿಟಿಯು 2022ರ ಸ್ಕೀಮಿನಲ್ಲಿ ಎನ್‌ಎಸ್‌ಎಸ್, ಯೋಗ ಅಥವಾ ದೈಹಿಕ ಶಿಕ್ಷಣ, ಮೂರರಲ್ಲಿ ಒಂದು ಕಡ್ಡಾಯ ಅಂತ ಮಾಡಿದರು. ಉದ್ದೇಶ ಚೆನ್ನಾಗಿದೆ. ಆದರೆ ಕ್ರೆಡಿಟ್ ಎಷ್ಟು? ಸೊನ್ನೆ. ಸೊನ್ನೆ ಕ್ರೆಡಿಟ್ಟಿನ ವಿಷಯಕ್ಕೆ ಯಾವ ಎಚ್‌ಒಡಿ ಸಂಜೆಯ ಲ್ಯಾಬ್ ಬಿಟ್ಟುಕೊಡ್ತಾರೆ ಹೇಳಿ? ಮಕ್ಕಳು ರೆಕಾರ್ಡ್ ಬರೀತಾರೆ, ಕಬಡ್ಡಿ ಅಂಕಣದ ಅಳತೆಯನ್ನ ಸ್ಕೇಲ್ ಹಿಡಿದು ಎಳೀತಾರೆ, ಮಾರ್ಕ್ಸ್ ಬೀಳ್ತವೆ. ಕಬಡ್ಡಿಯನ್ನ ಪೆನ್ಸಿಲ್‌ನಲ್ಲಿ ಆಡಿದ ಮೊದಲ ತಲೆಮಾರು ಇದು. ಇನ್ನು ಹಾಜರಾತಿ ಶೇ 85 ಇರಬೇಕು, ಶೇ 10ರವರೆಗೆ ವಿನಾಯಿತಿ. ಯೂನಿವರ್ಸಿಟಿ ಟೀಮಿನವನಿಗೆ ಆ ವಿನಾಯಿತಿಯ ಪತ್ರ ಸಿಗ್ತದೆ. ಮೂರನೇ ಟೀಮಿನಲ್ಲಿ ಆಡೋನಿಗೆ ಮೂರನೇ ಟೀಮೇ ಇಲ್ಲ.

‘ಅದೆಲ್ಲಾ ಆಗೋ ಮಾತಲ್ಲ, ಓದು ಹಾಳಾಗ್ತದೆ’ ಅನ್ನೋರಿಗೆ ವಿಜಯಪುರದಲ್ಲೇ ಉತ್ತರ ಇದೆ. 1963ರಲ್ಲಿ ಶುರುವಾದ ನಮ್ಮ ಸೈನಿಕ ಶಾಲೆ. ಅದೇ ಮಣ್ಣು, ಅದೇ ಬಿಸಿಲು, ಅದೇ ನೀರು. ಅಲ್ಲಿ ಸಂಜೆಯ ಆಟ ಟೈಮ್‌ಟೇಬಲ್ಲಿನಲ್ಲಿದೆ, ಗಣಿತದ ಪಿರಿಯಡ್ ಇದ್ದ ಹಾಗೆ. ಚೆನ್ನಾಗಿ ಆಡೋನೂ ಮೈದಾನಕ್ಕೆ ಹೋಗಬೇಕು, ಚೆಂಡು ಕಂಡರೆ ಕಣ್ಣು ಮುಚ್ಚಿಕೊಳ್ಳೋನೂ ಹೋಗಬೇಕು. ಹಾಗಂತ ಅಲ್ಲಿನ ಹುಡುಗರು ಓದಿನಲ್ಲಿ ಹಿಂದೆ ಬಿದ್ದರು ಅಂತ ಇಡೀ ಜಿಲ್ಲೆಯಲ್ಲಿ ಒಬ್ಬರೂ ಹೇಳೋದಿಲ್ಲ. ಮಗನಿಗೆ ಅಲ್ಲಿ ಸೀಟು ಸಿಗಲಿ ಅಂತ ಕೋಚಿಂಗ್‌ಗೆ ಹಾಕ್ತಾರೆ. ಕಾಂಪೌಂಡಿನ ಒಳಗೆ ಶಿಸ್ತು ಅನಿಸಿಕೊಳ್ಳೋ ಆಟ ಕಾಂಪೌಂಡಿನ ಹೊರಗೆ ಟೈಂಪಾಸ್ ಯಾಕಾಗ್ತದೆ?

ಪ್ರಾಜೆಕ್ಟ್ ಕೆಲಸಕ್ಕೆ ಕೆಲವು ತಿಂಗಳು ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿದ್ದೆ. ಅದೂ ನಮ್ಮ ಥರ ಬಯಲುಸೀಮೆ. ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಜೋಳ ಬೆಳೆಯೋದು ಕಾನ್ಸಾಸ್ ರಾಜ್ಯವೇ, ಬಹುಪಾಲು ದನಕ್ಕೆ ಹಾಕ್ತಾರೆ. (ಇದನ್ನ ಫೋನಿನಲ್ಲಿ ಅವ್ವಗೆ ಹೇಳಿದಾಗ ‘ಏ ಶಿವನ’ ಅಂದು ಸುಮ್ಮನಾದಳು.) ಅಲ್ಲಿಂದ ಒಂದು ತಾಸಿನೊಳಗಿನ ದಾರಿ ಲಾರೆನ್ಸ್ ಅನ್ನೋ ಸಣ್ಣ ಊರು, ಊರು ಅಂದರೆ ಯೂನಿವರ್ಸಿಟಿ. ಬಾಸ್ಕೆಟ್‌ಬಾಲ್ ಅನ್ನೋ ಆಟವನ್ನ 1891ರಲ್ಲಿ ಕಂಡುಹಿಡಿದ ಜೇಮ್ಸ್ ನೈಸ್ಮಿತ್ 1898ರಲ್ಲಿ ಈ ಊರಿಗೆ ಮಾಸ್ತರಾಗಿ ಬಂದ. ಯೂನಿವರ್ಸಿಟಿ ಟೀಮಿನ ಮೊದಲ ಕೋಚ್ ಅವನೇ. ಅವನ ಲೆಕ್ಕ ಗೊತ್ತೇನು? 55 ಗೆಲುವು, 60 ಸೋಲು. ಆ ಟೀಮಿನ ಇತಿಹಾಸದಲ್ಲಿ ಗೆದ್ದದ್ದಕ್ಕಿಂತ ಹೆಚ್ಚು ಸೋತ ಒಬ್ಬನೇ ಕೋಚ್ ಅಂದರೆ ಆಟ ಕಂಡುಹಿಡಿದವನು. ಅವನಿಗೆ ಅದು ಹುಡುಗರ ಮೈಮನಸ್ಸಿಗೆ ವ್ಯಾಯಾಮ, ಅಷ್ಟೇ. ಆಟಕ್ಕೆ ಅಪ್ಪನಾದವನೇ ಸೋಲನ್ನ ಹಗುರಾಗಿ ತಗೊಂಡ.

ಅಮೆರಿಕದ್ದೆಲ್ಲಾ ಚಂದ ಅಂತ ಹೇಳ್ತಾ ಇಲ್ಲ. ಕಾಲೇಜು ಆಟವನ್ನ ಅವರು ದೊಡ್ಡ ದಂಧೆ ಮಾಡಿಕೊಂಡಿದ್ದಾರೆ, ಅಲ್ಲಿಯೂ ಅದರ ಮೇಲೆ ಜಗಳ ಇದೆ. ನಾನು ನೋಡಿದ್ದು ಬೇರೆ. ದೊಡ್ಡ ಟೀಮಿನ ಪಕ್ಕದಲ್ಲೇ ಹಾಸ್ಟೆಲ್ ಹಾಸ್ಟೆಲ್ಲಿನ ನಡುವೆ, ದೋಸ್ತರ ಗುಂಪುಗಳ ನಡುವೆ ನಡೆಯೋ ಲೀಗು. ಯಾರೂ ಪೇಪರಿನಲ್ಲಿ ಬರೆಯೋದಿಲ್ಲ, ಯಾರಿಗೂ ಕೋಟಾ ಸಿಗೋದಿಲ್ಲ. ಹೊಟ್ಟೆ ಬಂದ ಪಿಎಚ್‌ಡಿ ಹುಡುಗರು ಏದುಸಿರು ಬಿಡ್ತಾ ಓಡ್ತಾರೆ, ಬೀಳ್ತಾರೆ, ನಗ್ತಾರೆ. ಅದನ್ನ ನಡೆಸೋದು ಯೂನಿವರ್ಸಿಟಿಯೇ, ದುಡ್ಡು ಕೊಟ್ಟು.

ನಮಗೂ ಇದು ಹೊಸದಲ್ಲ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಹೋಗ್ರಿ. ಕುಸ್ತಿ ಇದೆ, ಭಾರ ಎತ್ತೋ ಸ್ಪರ್ಧೆ ಇದೆ. ಹಳ್ಳಿ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತಲಿಕ್ಕೆ ಬರೋನು ಎತ್ತಲಾಗದೆ ಕೂತರೂ ಜನ ಶಿಳ್ಳೆ ಹೊಡೀತಾರೆ. ಅವನನ್ನ ಯಾರೂ ‘ಮತ್ಯಾಕ ಬಂದಿ?’ ಅಂತ ಕೇಳೋದಿಲ್ಲ. ಈ ಮರ್ಯಾದೆ ಊರಿನ ಅಗಸಿಯವರೆಗೆ ಇದ್ದದ್ದು ಕಾಲೇಜಿನ ಗೇಟಿಗೆ ಬಂದು ನಿಂತುಬಿಡ್ತದೆ.

ಬರೀ ಹೆಸರಿನ ಕ್ರೀಡೆ ಅಂದರೆ ಏನು ಅಂತ ನೋಡಬೇಕಾದರೆ ಬಿಜಾಪುರ ಬುಲ್ಸ್ ನೆನಪು ಮಾಡಿಕೊಳ್ಳಿ. ಕೆಪಿಎಲ್‌ನಲ್ಲಿ 2015ರಲ್ಲಿ, ಮತ್ತೆ 2018ರಲ್ಲಿ ಚಾಂಪಿಯನ್. ಬಿಜಾಪುರದಲ್ಲಿ ಆಡಿದ ಪಂದ್ಯ ಒಂದೂ ಇಲ್ಲ. ಹುಬ್ಬಳ್ಳಿ, ಮೈಸೂರು, ಬೆಂಗಳೂರಿನಲ್ಲಿ ಆಡಿದರು, ನಾವು ಟಿವಿಯಲ್ಲಿ ಊರಿನ ಹೆಸರು ನೋಡಿ ಖುಷಿಪಟ್ಟೆವು. 2022ರಲ್ಲಿ ಮಹಾರಾಜ ಟ್ರೋಫಿ ಶುರುವಾದಾಗ ಆರು ತಂಡಗಳಲ್ಲಿ ಆ ಹೆಸರೂ ಇರಲಿಲ್ಲ. ಊರಿನಲ್ಲಿ ಒಬ್ಬರಿಗೂ ಏನೂ ಕಡಿಮೆ ಆಗಲಿಲ್ಲ, ಯಾಕಂದರೆ ಏನೂ ಬಂದೇ ಇರಲಿಲ್ಲ.

ನಮ್ಮಪ್ಪ ದ್ರಾಕ್ಷಿ ಬೆಳೆಗಾರ. ಅವನ ಪ್ರಶ್ನೆ ಸೀದಾ: ‘ಆಟ ಹೊಟ್ಟಿ ತುಂಬಸ್ತದೇನೋ ತಮ್ಮಾ?’ ಒಣದ್ರಾಕ್ಷಿ ಹಾಕಿದ ವಾರ ಮಳೆ ಬಂದರೆ ವರ್ಷದ ಲೆಕ್ಕವೇ ತಪ್ಪಿಹೋಗೋ ಮನೆಯಲ್ಲಿ ಈ ಪ್ರಶ್ನೆ ಕೇಳೋ ಹಕ್ಕು ಅವನಿಗಿದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರೋದು ಹೊಟ್ಟೆ ತುಂಬಿದ ಮೇಲೂ ಇದೇ ಪ್ರಶ್ನೆ ಕೇಳೋ ನಮ್ಮಂಥವರ ಮೇಲೆ. ಎಚ್‌ಎಸ್‌ಆರ್ ಲೇಔಟಿನಲ್ಲಿ ರಾತ್ರಿ ಹತ್ತಕ್ಕೆ ತಾಸಿಗೆ ಸಾವಿರದ ಮೇಲೆ ಕೊಟ್ಟು ಟರ್ಫ್ ಬುಕ್ ಮಾಡ್ತೀರಿ. ಲಕ್ಷದ ಸೈಕಲ್ ತಗೊಂಡು ನಂದಿಬೆಟ್ಟಕ್ಕೆ ಹೋಗಿ ಫೋಟೋ ಹಾಕ್ತೀರಿ. ಯಾವ ಮೆಡಲ್ ತಂದಿರಿ ಸ್ವಾಮಿ? ಯಾವ ಕೋಟಾ? ನಿಮಗೆ ಬೆನ್ನುನೋವು, ಡೆಡ್‌ಲೈನ್, ಒಂಟಿತನಕ್ಕೆ ಆಟ ಔಷಧಿ. ಬಬಲೇಶ್ವರದಿಂದ ಬಂದು, ಇಂಗ್ಲಿಷ್ ಬಾರದೆ ಕೊನೆ ಬೆಂಚಿನಲ್ಲಿ ಕೂತು, ಮೊದಲ ಸೆಮಿಸ್ಟರ್‌ನಲ್ಲಿ ಮೂರು ವಿಷಯ ಫೇಲಾಗಿ, ರೂಮಿನ ಫ್ಯಾನ್ ನೋಡ್ತಾ ಮಲಗಿದ ಹದಿನೆಂಟರ ಹುಡುಗನಿಗೆ ಮಾತ್ರ ಆಟ ಯಾಕೆ ಅಂತ ಕಾರಣ ಬೇಕು. ನಮ್ಮ ಬ್ಯಾಚಿನಲ್ಲಿ ಹಾಗೆ ಮಲಗಿದವರು ಸುಮಾರು ಜನ ಇದ್ದರು. ಕೆಲವರು ಎದ್ದು ಬಂದರು. ಕೆಲವರು ಎರಡನೇ ವರ್ಷಕ್ಕೆ ಬರಲೇ ಇಲ್ಲ. ನಾಲ್ಕು ಜನ ದಿನಾ ಸಂಜೆ ‘ಬಾರಲೇ, ಒಬ್ಬ ಕಡಿಮಿ ಬಿದ್ದಾನ’ ಅಂತ ಬಾಗಿಲು ಬಡಿದಿದ್ದರೆ ಅವರಲ್ಲಿ ಒಂದಿಬ್ಬರಾದರೂ ಉಳೀತಿದ್ದರು ಅಂತ ನನ್ನ ನಂಬಿಕೆ.

ಟಿಕೋಟಾ, ಬಬಲೇಶ್ವರ ಎರಡೂ 2018ರಲ್ಲಿ ತಾಲೂಕು ಆದವು. ತಾಲೂಕು ಆದರೆ ಮೊದಲು ತಹಶೀಲ್ದಾರ್ ಬೋರ್ಡು, ಮೈದಾನದ ಮಾತು ಯಾವಾಗಲೂ ಕಡೆಗೆ. ಬರಲಿ, ಬೇಡ ಅನ್ನೋದಿಲ್ಲ. ಆದರೆ ನಾನು ಕೇಳ್ತಿರೋದು ಕೋಟಿ ರೂಪಾಯಿಯ ಸ್ಟೇಡಿಯಂ ಅಲ್ಲ. ವಾರಕ್ಕೆ ಮೂರು ದಿನ ನಾಲ್ಕರ ಮೇಲೆ ಕ್ಲಾಸು, ಲ್ಯಾಬು ಇಡಬೇಡಿ. ಸ್ಪೋರ್ಟ್ಸ್ ರೂಮಿನ ಬೀಗ ತೆಗೀರಿ, ಚೆಂಡು ಕಳೆದರೆ ಕಳೀಲಿ. ಒಬ್ಬ ಪಿಟಿ ಮೇಡಂ ಇರಲಿ. ಸಂಜೆ ಏಳಕ್ಕೆ ಟಿಕೋಟಾಕ್ಕೊಂದು, ಬಬಲೇಶ್ವರಕ್ಕೊಂದು ವಿದ್ಯಾರ್ಥಿಗಳ ಬಸ್ಸು ಬಿಡ್ರಿ, ಹುಡುಗಿಯರು ಗುಂಪಾಗಿ ಊರು ಮುಟ್ಟಲಿ.

ಹೋದ ತಿಂಗಳು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಹತ್ತು ವರ್ಷದ ನೆನಪಿಗೆ ಕಾಲೇಜಿಗೆ ಆಳೆತ್ತರದ ರೋಲಿಂಗ್ ಟ್ರೋಫಿ ಕೊಡೋಣ ಅಂತ ಚರ್ಚೆ ನಡೀತು. ಆ ದುಡ್ಡಿನಲ್ಲಿ ನಲವತ್ತು ವಾಲಿಬಾಲ್ ಬರ್ತವೆ, ಬೀಗ ಹಾಕಬಾರದು ಅಂತ ಷರತ್ತು ಹಾಕಿ ಕೊಡೋಣ ಅಂದೆ. ಇಬ್ಬರು ಥಂಬ್ಸಪ್ ಒತ್ತಿದರು. ಮೂರನೆಯವನು, ಸಿಯಾಟಲ್‌ನಲ್ಲಿ ಇದ್ದಾನೆ, ‘ಚೆಂಡಿನ ಮ್ಯಾಲ ನಮ್ಮ ಬ್ಯಾಚಿನ ಹೆಸರು ಎಷ್ಟು ದಿನಾ ಇರ್ತದೋ?’ ಅಂತ ಕೇಳಿದ. ಚೆಂಡು ಹರಿಯೋವರೆಗೆ ಅಂತ ಬರೆದೆ.