ಮಾವನವರ ಗಾಡಿಯ ಚಕ್ರಗಳು



ಹಿತ್ತಲ ಕೊಟ್ಟಿಗೆಯಲ್ಲೋ ಮೆಟ್ಟಿಲ ಕೆಳಗೋ ಹಳೇ ಚಾಪೆ ಹೊದ್ದು ನಿಂತ ಒಂದು ಮೋಟಾರ್ ಸೈಕಲ್ಲು ನಿಮ್ಮ ಮನೆಯಲ್ಲೂ ಇದ್ದೀತು. ನಮ್ಮ ಕಡೆ ಅದು ಜಾವಾ, ಇಲ್ಲವೇ ಯೆಜ್ಡಿ. ಎರಡೂ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದವು. ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಗಾಡಿಗಳು ಮಾತ್ರ ಎಷ್ಟೋ ಮನೆಗಳಲ್ಲಿ ಉಳಿದವು. ಮಾವನವರೋ ತಂದೆಯವರೋ ಓಡಿಸಿದ್ದು, ಅವರು ಹೋದ ಮೇಲೆ ಯಾರೂ ಮುಟ್ಟದ್ದು. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ಕೇಳ್ತಾನೆ. ಕಾಲೇಜಿಗೆ ಹೋಗುವ ಮಗ "ಕೊಡಬೇಡಮ್ಮಾ, ನಾನೇ ಸರಿ ಮಾಡ್ತೀನಿ" ಅಂತಾನೆ. ಯಜಮಾನರು ಪತ್ರಿಕೆಯಿಂದ ತಲೆ ಎತ್ತದೆ "ನಿನಗೆ ತೋಚಿದ ಹಾಗೆ ಮಾಡು" ಅಂದುಬಿಡ್ತಾರೆ!

ಹಾಗಾದರೆ ಮೊದಲು ಚಕ್ರ ನೋಡಿ. ತುಕ್ಕು ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದುದು ನೆನಪಿದೆಯಲ್ಲ? ಕ್ರೋಮ್ ಕೂಡ ಅಂಥದೇ ಒಂದು ಹೊದಿಕೆ. ಇದನ್ನು ಬೆಂಕಿಯಲ್ಲಿ ಅಲ್ಲ, ರಾಸಾಯನಿಕ ದ್ರಾವಣದ ತೊಟ್ಟಿಯಲ್ಲಿ ವಿದ್ಯುತ್ ಹಾಯಿಸಿ ಕೂಡಿಸುತ್ತಾರೆ. ಉಕ್ಕಿನ ಮೇಲೆ ನಿಕ್ಕಲ್, ಅದರ ಮೇಲೆ ಕ್ರೋಮ್. ಕಬ್ಬಿಣವನ್ನು ಕಾಯುವುದು ನಿಕ್ಕಲ್ಲೇ. ಕಣ್ಣು ಕೋರೈಸುವ ಮೇಲಿನ ಕ್ರೋಮು ಸಾಮಾನ್ಯವಾಗಿ ತಲೆಗೂದಲಿನ ನೂರರಲ್ಲೊಂದು ಪಾಲಿನಷ್ಟು ದಪ್ಪವೂ ಇರುವುದಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕು, ತೂತು ಇರುತ್ತವೆ. ನಿಕ್ಕಲ್ ಪದರವೂ ಸವೆದ ಕಡೆ ನೀರು ಇಳಿದು ಒಳಗಿನ ಉಕ್ಕು ತುಕ್ಕು ಹಿಡಿಯುತ್ತದೆ. ನಾವು ನೋಡುವ ಕಂದು ಚುಕ್ಕಿ ಕ್ರೋಮಿನದಲ್ಲ, ಒಳಗಿಂದ ಬಂದ ಕಬ್ಬಿಣದ್ದು.

ಚುಕ್ಕಿಗಳಷ್ಟೇ ಇದ್ದರೆ ಕೆಲಸ ಸುಲಭ. ಪಾತ್ರೆ ಬೆಳಗಿದ ಕೈಗೆ ಇದೇನು ಹೊಸದಲ್ಲ. ಸೋಪಿನ ನೀರಲ್ಲಿ ಮಣ್ಣು, ಜಿಡ್ಡು ತೊಳೆಯಿರಿ. ಮರಳಿನ ಕಣ ಉಳಿದರೆ ಅದೇ ಗೀರುತ್ತದೆ. ಆಮೇಲೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಮುದುಡಿ, ನೀರಲ್ಲಿ ಅದ್ದಿ, ಚುಕ್ಕಿಯ ಮೇಲೆ ಹಗುರವಾಗಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಆದ್ದರಿಂದ ಗೀರು ಬೀಳುವುದಿಲ್ಲ, ತುಕ್ಕು ಮಾತ್ರ ಏಳುತ್ತದೆ. ಬೂದು ಬಣ್ಣದ ರಾಡಿ ಬರುತ್ತದೆ, ಗಾಬರಿ ಬೇಡ. ಅದನ್ನು ಒರೆಸಿ ಹಾಳೆ ಬದಲಿಸಿ. ಸ್ಪೋಕ್ ಕಡ್ಡಿಗಳ ಬುಡಕ್ಕೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಹುಣಸೆಹಣ್ಣಿನ ರಸವೂ ಆದೀತು, ಆದರೆ ಎರಡು ಮೂರು ನಿಮಿಷ ಬಿಟ್ಟು ತೊಳೆದುಬಿಡಬೇಕು. ರಾತ್ರಿಯಿಡೀ ಹಚ್ಚಿಟ್ಟರೆ ಹುಳಿ ಬರಿ ಉಕ್ಕನ್ನೇ ತಿನ್ನುತ್ತದೆ. ಇಟ್ಟಿಗೆ ಪುಡಿ, ಮರಳು, ಉಪ್ಪುಕಾಗದ, ಒರಟು ತಂತಿಯ ಬ್ರಷ್ ಹತ್ತಿರವೂ ತರಬೇಡಿ.

ಇನ್ನು ಬಚ್ಚಲು ತೊಳೆಯುವ ಆಸಿಡ್ಡು. ಗಂಡುಹುಡುಗರು ಮೊದಲು ಕೈ ಹಾಕುವುದೇ ಅದಕ್ಕೆ! ಹೌದು, ತುಕ್ಕು ಥಟ್ಟನೆ ಹೋಗುತ್ತದೆ, ಜೊತೆಗೆ ಕ್ರೋಮೂ ಕರಗುತ್ತದೆ. ಹೊಗೆ ಕಣ್ಣಿಗೆ, ಎದೆಗೆ ಹೋಗುತ್ತದೆ. ಅದೇ ನೆಲದ ಮೇಲೆ ಬ್ಲೀಚಿಂಗ್ ಪೌಡರ್ ಇದ್ದು ಎರಡೂ ಕೂಡಿದರೆ ಏಳುವುದು ಕ್ಲೋರಿನ್ ಗಾಳಿ. ಮುಚ್ಚಿದ ಕೊಟ್ಟಿಗೆಯಲ್ಲಿ ಅದು ಜೀವಕ್ಕೇ ಅಪಾಯ. ಆ ಬಾಟಲಿಯನ್ನು ನೀವೇ ಎತ್ತಿಟ್ಟು ಬೀಗ ಹಾಕಿ. ಮಗ ಮುನಿಸಿಕೊಂಡರೆ ಮುನಿಸಿಕೊಳ್ಳಲಿ.

ಹೊದಿಕೆ ಈರುಳ್ಳಿ ಸಿಪ್ಪೆಯ ಹಾಗೆ ಎದ್ದಿದ್ದರೆ ಮನೆಮದ್ದು ನಡೆಯದು. ಟೈರು, ಟ್ಯೂಬು, ಕಡ್ಡಿ ಎಲ್ಲ ಬಿಚ್ಚಿ ಬರಿ ರಿಮ್ಮನ್ನು ಪ್ಲೇಟಿಂಗ್ ಅಂಗಡಿಗೆ ಕೊಡಬೇಕು. ಅಲ್ಲಿ ಹಳೇ ಹೊದಿಕೆ ತೆಗೆದು, ಬಫಿಂಗ್ ಮಾಡಿ, ಮತ್ತೆ ನಿಕ್ಕಲ್, ಕ್ರೋಮ್ ಏರಿಸುತ್ತಾರೆ. ಬಫಿಂಗ್‌ನಲ್ಲಿ ಕಂಜೂಸುತನ ಮಾಡಿದರೆ ಒಳಗಿನ ಹಳ್ಳಗಳು ಹೊಸ ಹೊಳಪಿನಡಿಯೂ ಎದ್ದು ಕಾಣುತ್ತವೆ. ಆದ್ದರಿಂದ ದರ ಕೇಳುವ ಮುಂಚೆ ಆ ಅಂಗಡಿಯವರು ಮಾಡಿದ ಹಳೇ ಕೆಲಸವೊಂದನ್ನು ತೋರಿಸಲು ಹೇಳಿ. ಹೊಸ ಕಡ್ಡಿ, ಚಕ್ರದ ಸೊಟ್ಟ ತೆಗೆಸುವ ಕೂಲಿ ಬೇರೆ. ಕ್ರೋಮ್ ತೊಟ್ಟಿಯ ದ್ರಾವಣದಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ವಿಷ. ಅದರ ಹನಿಮಂಜು ಉಸಿರಾಡುವ ಕೆಲಸಗಾರರಿಗೆ ಮೂಗಿನೊಳಗೆ ಹುಣ್ಣಾಗುತ್ತದೆ, ಶ್ವಾಸಕೋಶದ ಕ್ಯಾನ್ಸರೂ ಬರಬಹುದು. ಮನೆಯಲ್ಲೇ ಬ್ಯಾಟರಿ ಕಟ್ಟಿ ಕ್ರೋಮ್ ಹಾಕ್ತೀನಿ ಎಂದು ಯಾರಾದರೂ ಹೊರಟರೆ ಖಂಡಿತ ಬೇಡ ಅನ್ನಿ.

ದುಡ್ಡು ಬಿಚ್ಚುವ ಮುನ್ನ ಇನ್ನೆರಡು ಮಾತು. ಕಡ್ಡಿ ಸಿಕ್ಕಿಸುವ ತೂತಿನ ಸುತ್ತ ಬೆರಳಿಟ್ಟು ನೋಡಿ. ಅಲ್ಲಿ ಲೋಹ ತೆಳುವಾಗಿದ್ದರೆ, ಬಿರುಕು ಬಿಟ್ಟಿದ್ದರೆ ಆ ರಿಮ್ಮಿಗೆ ಎಷ್ಟು ಹೊಳಪು ಕೊಟ್ಟರೂ ಅದು ಮಗನನ್ನು ಹೊರಲಾರದು, ಬೇರೆ ರಿಮ್ಮೇ ಹಾಕಿಸಿ. ಎರಡನೆಯದು ಆರ್.ಸಿ. ಪುಸ್ತಕ. ಸ್ವಂತ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಮಾವನವರ ಹೆಸರಲ್ಲೇ ಇದ್ದರೆ ವಾರಸುದಾರರ ಹೆಸರಿಗೂ ಬದಲಾಗಬೇಕು. ಕಾಗದ ಪತ್ತೆ ಇಲ್ಲದಿದ್ದರೆ ಅಂಗಡಿಗಿಂತ ಮೊದಲು ಆರ್.ಟಿ.ಓ. ಕಚೇರಿ ಮೆಟ್ಟಿಲು ಹತ್ತಿ.

ಖರ್ಚು ಒಗ್ಗದಿದ್ದರೆ ತುಕ್ಕು ಕೆರೆದು, ರೆಡ್ ಆಕ್ಸೈಡ್ ಬಳಿದು, ಮೇಲೆ ಬೆಳ್ಳಿ ಬಣ್ಣ ಹೊಡೆಸಿ. ಅದರಲ್ಲಿ ಅವಮಾನವೇನಿಲ್ಲ. ಕೆರೆಯುವಾಗ ಮಾತ್ರ ಧೂಳು ಒಳಗೆ ಹೋಗದಂತೆ ಮಾಸ್ಕ್ ಇರಲಿ.

ಬೆಳಗಿದ ಚಕ್ರವನ್ನು ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ. ಬ್ರೇಕ್ ಡ್ರಮ್ಮಿಗೆ, ಟೈರಿಗೆ ಎಣ್ಣೆ ತಾಗಬಾರದು. ಮಗಳ ಸೈಕಲ್ಲಿಗೂ ಇದೇ ಉಪಚಾರ ಮಾಡುವುದಾದರೆ, ಬ್ರೇಕಿನ ರಬ್ಬರು ಒತ್ತುವ ಜಾಗ ಪೂರ್ತಿ ಒಣಗಿರಲಿ. ಗಾಡಿ ನಿಲ್ಲಿಸುವ ಕಡೆ ಉಪ್ಪಿನ ಮೂಟೆ, ಗೊಬ್ಬರದ ಚೀಲ ಇಡಬೇಡಿ, ಚಾಪೆಯನ್ನೂ ತೆಗೆದುಬಿಡಿ. ಅದು ತೇವ ಹಿಡಿದಿಡುತ್ತದೆ. ಹಳೇ ಹತ್ತಿ ಸೀರೆ ಹೊದಿಸಿದರೆ ಸಾಕು.