ಚೀನೀ ವೀರಕಥೆಗಳ ಲೋಕವೂ ನಮ್ಮ ಕಾಲವೂ

ಚೀನೀ ಭಾಷೆಯಲ್ಲಿ ‘ವೂಷ್ಯಾ’ ಎಂಬ ಕಥಾಪ್ರಕಾರವೊಂದುಂಟು. ಖಡ್ಗವಿದ್ಯೆಯಲ್ಲಿಯೂ ಮುಷ್ಟಿಯುದ್ಧದಲ್ಲಿಯೂ ನುರಿತ ವೀರರ ಸಾಹಸಗಳೇ ಇದರ ವಸ್ತು. ಹಾಂಗ್‌ಕಾಂಗಿನ ಜಿನ್ ಯೊಂಗ್ (1924–2018) ಈ ಪ್ರಕಾರದ ಸುಪ್ರಸಿದ್ಧ ಲೇಖಕರು. 1955ರಿಂದ 1972ರವರೆಗೆ ಅವರ ಕಾದಂಬರಿಗಳು ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದವು. ಈ ವೀರರು ಸಂಚರಿಸುವ ಲೋಕಕ್ಕೆ ‘ಜಿಯಾಂಗ್‌ಹೂ’ ಎಂದು ಹೆಸರು. ನದಿ-ಸರೋವರಗಳು ಎಂದು ಅದರ ಅರ್ಥ. ಅಲ್ಲಿ ಅರಸನ ಶಾಸನ ಅಷ್ಟಾಗಿ ನಡೆಯದು. ಗುರು, ಪಂಥ, ಕೊಟ್ಟ ಮಾತು ಇವೇ ಶಾಸನ.

ನಮ್ಮ ಇಂದಿನ ಬಾಳಿಗಿಂತ ಆ ಲೋಕವೇ ಮೇಲು ಎನ್ನುವವರುಂಟು. ಅಲ್ಲಿ ಅರ್ಜಿಯಿಲ್ಲ, ಮೊಹರಿಲ್ಲ, ಕಛೇರಿಯ ಬಾಗಿಲಲ್ಲಿ ಕಾಯುವುದಿಲ್ಲ. ಸಮರ್ಥನಿಗೆ ದಾರಿ ತಾನಾಗಿ ತೆರೆಯುವುದೆಂದು ಅವರ ವಾದ. ಇದರಲ್ಲಿ ಅರ್ಧವನ್ನು ಮಾತ್ರ ನಾನು ಒಪ್ಪುತ್ತೇನೆ.

1957ರಿಂದ 1959ರವರೆಗೆ ಪ್ರಕಟವಾದ, ಇಂಗ್ಲಿಷಿನಲ್ಲಿ ‘ಲೆಜೆಂಡ್ ಆಫ್ ದಿ ಕಾಂಡೊರ್ ಹೀರೋಸ್’ ಎಂದು ಹೆಸರಾದ ಕಾದಂಬರಿಯನ್ನೇ ನೋಡಿರಿ. ಏಳು ಮಂದಿ ವೀರರು ತಾವೋ ಪಂಥದ ಸನ್ಯಾಸಿಯೊಡನೆ ಪಣ ತೊಡುತ್ತಾರೆ: ಇನ್ನೂ ಹುಟ್ಟದಿರುವ ಒಂದು ಮಗುವನ್ನು ಹುಡುಕಿ, 18 ವರ್ಷಗಳಲ್ಲಿ ಅದಕ್ಕೆ ಯುದ್ಧವಿದ್ಯೆ ಕಲಿಸಬೇಕು. ಅದಕ್ಕಾಗಿ ದೂರದ ಮಂಗೋಲಿಯಾಕ್ಕೆ ಹೋಗುತ್ತಾರೆ. ಸಿಕ್ಕ ಬಾಲಕ ಗುವೋ ಜಿಂಗ್ ಕಲಿಕೆಯಲ್ಲಿ ಮಂದ. ಏಳ್ವರಲ್ಲಿ ಒಬ್ಬರು ಅಲ್ಲಿಯೇ ಪ್ರಾಣ ತೆರುತ್ತಾರೆ. ಆದರೂ ಉಳಿದವರು ಮಾತಿಗೆ ತಪ್ಪುವುದಿಲ್ಲ. ಸಹಿ ಹಾಕಿದ ಕರಾರಿಗೂ ಬೆಲೆ ಕಡಿಮೆಯಾಗಿರುವ ನಮ್ಮ ಕಾಲ ಇಲ್ಲಿ ತಲೆ ತಗ್ಗಿಸಲೇಬೇಕು.

ಆದರೆ ಅದೇ ಕಾದಂಬರಿಯಲ್ಲಿ ಹುವಾಂಗ್ ಯಾವೋಶಿ ಎಂಬ ಗುರುವಿನಿಂದ ಇಬ್ಬರು ಶಿಷ್ಯರು ಯುದ್ಧವಿದ್ಯೆಯ ಗ್ರಂಥವೊಂದರ ಅರ್ಧಭಾಗವನ್ನು ಕದ್ದೋಡುತ್ತಾರೆ. ಕೋಪಾವಿಷ್ಟನಾದ ಗುರು, ಏನೂ ತಪ್ಪು ಮಾಡದ ಉಳಿದ ಶಿಷ್ಯರ ಕಾಲು ಮುರಿದು ಹೊರಗಟ್ಟುತ್ತಾನೆ. ಅವರು ಯಾರಲ್ಲಿ ದೂರು ಹೇಳಿಕೊಳ್ಳಬೇಕು? 1967–69ರ ಮತ್ತೊಂದು ಕಾದಂಬರಿಯಲ್ಲಿ ಲಿಯು ಝೆಂಗ್‌ಫೆಂಗ್ ಎಂಬಾತ ಚಿನ್ನದ ಬೋಗುಣಿಯಲ್ಲಿ ಕೈತೊಳೆದು ಖಡ್ಗವನ್ನು ತೊರೆಯಬಯಸುತ್ತಾನೆ. ಎದುರು ಪಂಥದವನೊಬ್ಬನೊಡನೆ ಸಂಗೀತದ ಸ್ನೇಹ ಬೆಳೆಸಿದ್ದೇ ಆತನ ಅಪರಾಧ. ಧರ್ಮಪಕ್ಷದವರೆಂದು ಹೇಳಿಕೊಳ್ಳುವವರೇ ಬಂದು ಆತನ ಕುಟುಂಬವನ್ನು ಕೊಲ್ಲುತ್ತಾರೆ. ಏಕಲವ್ಯನ ಕಥೆ ಬಲ್ಲ ನಮಗೆ ಗುರು-ಪಂಥಗಳ ಈ ನಿಷ್ಠುರತೆ ಅಪರಿಚಿತವೇನಲ್ಲ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗ. ಜಿಯಾಂಗ್‌ಹೂವಿನ ಬಾಗಿಲಲ್ಲಿ ನಿಂತಿದ್ದರೆ, “ನಿನ್ನ ಗುರು ಯಾರು? ಪಂಥ ಯಾವುದು?” ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿರುತ್ತಿರಲಿಲ್ಲ. ಇಲ್ಲಿ ಕೇಳಿದ್ದು ಅರ್ಜಿ ಮತ್ತು ಅಂಕಪಟ್ಟಿ, ಅವು ನನ್ನಲ್ಲಿದ್ದವು. ಅಲ್ಲಿ ಗ್ರಂಥವೊಂದಕ್ಕಾಗಿ ನೆತ್ತರು ಹರಿಯಿತು. ಇಲ್ಲಿ ಗ್ರಂಥಾಲಯದ ಚೀಟಿ ತೋರಿಸಿ ಪುಸ್ತಕವನ್ನು ಮನೆಗೊಯ್ಯುತ್ತೇನೆ. ನಾವು ಬೇಸರದಿಂದ ಹಳಿಯುವ ಅರ್ಜಿ ಕಾಗದವೇ ದಿಕ್ಕಿಲ್ಲದವನ ಖಡ್ಗವೆಂಬುದನ್ನು ಮರೆಯಬಾರದು.

ಹಾಗೆಂದು ಪಂಥಗಳು ನಮ್ಮಲ್ಲಿ ಅಳಿದುಹೋಗಿವೆಯೆ? ಪದವಿ ಪಡೆದು ಉದ್ಯೋಗಕ್ಕೆ ಅಲೆಯುವವನಿಗೆ “ನೀನು ಯಾರ ಕಡೆಯವನು?” ಎಂಬ ಮಾತು ಇಂದಿಗೂ ಕೇಳಿಬರುತ್ತಿದೆ. ವಚನಪಾಲನೆಯನ್ನು ಕಥೆಯಲ್ಲಿಯೇ ಬಿಟ್ಟು, ಪಂಥವನ್ನು ಮಾತ್ರ ನಾವು ಉಳಿಸಿಕೊಂಡಿದ್ದೇವೆ.

ಸಹಪಾಠಿಗಳೇ, ನಾಳೆ ನಮ್ಮಲ್ಲಿ ಕೆಲವರಾದರೂ ಮೇಜಿನ ಆಚೆ ಬದಿಯಲ್ಲಿ ಕುಳಿತುಕೊಳ್ಳುವೆವು. ಎದುರು ನಿಂತವನನ್ನು ಯಾರ ಕಡೆಯವನೆಂದು ಕೇಳದಿರೋಣ. “ನಾಳೆ ಬಾ” ಎಂದು ಹೇಳಿದರೆ, ನಾಳೆ ಅವನ ಕೆಲಸವನ್ನು ಮಾಡಿಕೊಡೋಣ.