ಹಡಗಿನ ಟಿಕೇಟು ಬೇರೆ, ಬಿಲ್ಲು ಬೇರೆ!

ಕಾರ್ಡೀಲಿಯಾ ಕಂಪನಿಯ ಹಡಗು 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಗೋವೆಗೆ ಹೊರಡತೊಡಗಿದ ಮೇಲೆ, ಹಡಗಿನ ಮೋಜು ಟಾಟಾ ಬಿರ್ಲಾಗಳಿಗೆ ಮಾತ್ರ ಅನ್ನೋ ಮಾತು ಹೋಯಿತು. ಈಗ ಕಿರಾಣಿ ಅಂಗಡಿಯವರೂ ಮಕ್ಕಳ ರಜೆಗೆ ವಿಚಾರಿಸುತ್ತಾರೆ. ವಿಚಾರಿಸಲಿ, ಸಂತೋಷ. ಆದರೆ ಜಾಹೀರಾತಿನ ದಪ್ಪಕ್ಷರದ ರೇಟು ಎಷ್ಟು ಜನರದು ಅಂತ ಮೊದಲು ಕೇಳಬೇಕು ಸ್ವಾಮೀ!

ಅದು ಸಾಮಾನ್ಯವಾಗಿ ಒಂದು ತಲೆಯ ರೇಟು. ಅದೂ ಇಬ್ಬರು ಒಂದೇ ಕೋಣೆಯಲ್ಲಿದ್ದರೆ, ಅದೂ ಕಿಟಕಿಯಿಲ್ಲದ ಒಳಕೋಣೆಯಾದರೆ. ಮೇಲೆ ಬಂದರು ಶುಲ್ಕ, ಜಿಎಸ್‌ಟಿ, ಸಿಬ್ಬಂದಿಯ ಟಿಪ್ಸು. ಟಿಪ್ಸು ಅಂದರೆ ಮನಸ್ಸಿದ್ದರೆ ಕೊಡೋದು ಅಂತ ನಮ್ಮ ತಿಳುವಳಿಕೆ. ಹಡಗಿನಲ್ಲಿ ತಲೆಗೆ, ದಿನಕ್ಕೆ ಇಷ್ಟು ಅಂತ ಲೆಕ್ಕ.

ಕೋಣೆ, ಮುಖ್ಯ ಹಾಲಿನ ಊಟ ತಿಂಡಿ, ಈಜುಕೊಳ, ಬಹುಪಾಲು ಷೋಗಳು ಟಿಕೇಟಿನಲ್ಲೇ ಬಂದವು. ಮದ್ಯ, ಸ್ಪೆಷಲ್ ಹೋಟೆಲು, ಮಾಲೀಸು, ಇಂಟರ್‌ನೆಟ್ಟು, ದಡಕ್ಕಿಳಿದು ಊರು ನೋಡೋದು ಎಲ್ಲಾ ಬೇರೆ. ಕೈಯಿಂದ ರೊಕ್ಕ ಕೊಡೋದಿಲ್ಲ, ಕಾರ್ಡು ತೋರಿಸಿದರೆ ಕೋಣೆಯ ಖಾತೆಗೆ ಬರೀತಾರೆ. ನಮ್ಮ ಉದ್ರಿ ಪುಸ್ತಕವೇ! ಹುಡುಗರ ಕೈಗೆ ಕಾರ್ಡು ಕೊಟ್ಟವರು ಇಳಿಯುವ ದಿನ ಬೆವರುತ್ತಾರೆ. ಮುಂಬೈವರೆಗಿನ ಬಸ್ ಛಾರ್ಜು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಪೂರ್ತಿ ಬೆಲೆ ಮೊದಲೇ ಹೇಳದೆ ಕಂತು ಕಂತಾಗಿ ಏರಿಸೋದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ನಿಷೇಧಿಸಿದೆ. ಹಾಗಿದ್ದ ಮೇಲೆ ನಾಲ್ವರ ಕುಟುಂಬಕ್ಕೆ ಒಟ್ಟು ಎಷ್ಟು ಅಂತ ಏಜೆಂಟರು ಬೋರ್ಡಿನ ಮೇಲೇ ಯಾಕೆ ಬರೆಯಬಾರದು? ಅವರು ಬರೆಯೋವರೆಗೆ, ಅಡ್ವಾನ್ಸ್ ಕೊಡೋ ಮುನ್ನ ನೀವೇ ಚೀಟಿಯಲ್ಲಿ ಬರೆಸಿಕೊಳ್ಳಿ. ರದ್ದು ಮಾಡಿದರೆ ಎಷ್ಟು ವಾಪಸು ಬರುತ್ತೆ ಅನ್ನೋದನ್ನೂ.